ಕಿಂಡಿಯಲ್ಲಿ ಕೂತ ದೇವರು

ಒಲೆ ಹೊತ್ತುವ ಊರಲ್ಲಿ ಹೊಗೆಯ ತಕರಾರು ಮುಗಿಯುವುದೇ ಇಲ್ಲ. ಆದೋನಿಯಲ್ಲಿ ನಾನು ಮನೆಗಳ ಗಾಳಿ, ಬೆಳಕು ನೋಡುವ ಇನ್‌ಸ್ಪೆಕ್ಟರನಾಗಿದ್ದಾಗ, ಒಬ್ಬ ಸಾಹುಕಾರರ ವಠಾರದ ಮಹಡಿಯಿಂದ ಬಂದ ಒಂದೇ ಒಂದು ಅರ್ಜಿ ನನ್ನನ್ನು ಎರಡು ತಿಂಗಳು ಮೆಟ್ಟಿಲು ಹತ್ತಿಸಿತು. ಪ್ರತಿ ಸಲವೂ ಗುರುರಾಯರನ್ನು ನೆನೆದೇ ಹತ್ತಿದೆ.

೧. ಹೊಗೆಯ ಜಾಡು

ಅರ್ಜಿ ಹಾಕಿದವರು ಪಿಂಚಣಿಯ ಮಾಸ್ತರು. ಅವರ ಪಕ್ಕದ ಖೋಲಿಯಲ್ಲಿ ಮಡಿ ಅಜ್ಜಿಯೊಬ್ಬರು ನಾಲ್ಕು ಜನ ಗುಮಾಸ್ತರಿಗೆ ಅಡುಗೆ ಮಾಡಿ ಹಾಕಿ ಬದುಕುತ್ತಿದ್ದರು. ಆ ಒಲೆಯ ಹೊಗೆಯೆಲ್ಲ ತಮ್ಮ ಖೋಲಿಗೇ ಎಂದು ಮಾಸ್ತರರ ದೂರು.

ಹೊಗೆ ಯಾವ ದಾರಿ ಹಿಡಿಯುತ್ತದೋ ನೋಡಬೇಕೆಂದು ನನಗೆ ಆಸೆಯಾಯಿತು. "ಅಜ್ಜಿ, ಒಲಿಗೆ ಹಸಿ ಹತ್ತಿಕಟ್ಟಿಗಿ ತುರುಕ್ರಿ" ಎಂದು ಕೂಗಿ ಹೇಳಿ, ಬೀದಿಗಿಳಿದು ಕತ್ತೆತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಮಾಸ್ತರರ ಕಿಟಕಿಯಿಂದ ಹೊಗೆ ದಟ್ಟವಾಗಿ ಬಂತು. ನಾನು ಸಂತೋಷದಿಂದ ಬರೆದುಕೊಳ್ಳುವಷ್ಟರಲ್ಲಿ "ಅಗ್ಗಿ! ಅಗ್ಗಿ!" ಎಂದು ಬೀದಿಯವರು ಕೊಡ ಹಿಡಿದು ಮೇಲೇರಿಬಿಟ್ಟಿದ್ದರು.

ಮಾಸ್ತರು ತೊಯ್ದು ತೊಪ್ಪೆಯಾಗಿ ಕೆಳಗಿಳಿದು ಬಂದು ಕೇಳಿದರು: "ಹೊಗಿ ಜೋಡಿ ನೀರೂ ಬರ್ತಾವ ಅಂತ ಅರ್ಜ್ಯಾಗ ಸೇರಿಸಲೇನ್ರಿ?"

೨. ಸೌಟಿನ ಅಳತೆ

ಅಡುಗೆಮನೆಗೆ ಹೊರಗೋಡೆಯಲ್ಲಿ ಕಿಂಡಿ ಇರಬೇಕು, ಇಲ್ಲದಿದ್ದರೆ ಒಲೆ ಹಚ್ಚುವಂತಿಲ್ಲ. ಇದು ಕಾಯಿದೆ. ಒಲೆ ಆರಿದರೆ ಅಜ್ಜಿಯ ಅನ್ನವೇ ಹೋಯಿತು. ಸಾಹುಕಾರರಂತೂ, "ಒಲಿ ಬ್ಯಾಡಂತ ನೀವು ಬರೀರಿ, ಅಜ್ಜೀನ್ನ ನಾ ಬಿಡಿಸ್ತೀನಿ" ಎಂದು ಕಾದೇ ಇದ್ದರು.

ಟೇಪು ಹಿಡಿದು ಹೊಸ್ತಿಲಿಗೆ ಹೋದೆ.

"ಅಲ್ಲೇ ನಿಲ್ರಿ, ನಾ ಮಡೀಲಿದ್ದೀನಿ!"

"ಕಿಂಡಿ ಅದ ಏನ್ರಿ ಅಜ್ಜಿ?"

"ಅದ."

"ಅಳೀಬೇಕಲ್ಲ?"

"ನಿಮ್ಮ ಟೇಪು ಮೈಲಿಗಿ. ನಾನ ಅಳೀತೀನಿ."

ಸೌಟು ಹಿಡಿದು ಅಳೆದರು. ಎರಡು ಸೌಟು ಉದ್ದ, ಒಂದೂವರೆ ಸೌಟು ಅಗಲ. ಸುಳ್ಳು ಬರೆಯಬಾರದೆಂದು ಹಾಗೆಯೇ ಬರೆದೆ. ಮೇಲಿನ ಸಾಹೇಬರು ಕಾಗದ ವಾಪಸು ಕಳಿಸಿದರು: "ಸೌಟಿಗೆ ಎಷ್ಟು ಅಂಗುಲ? ಸೌಟನ್ನು ಹಾಜರುಪಡಿಸಿ."

ಅಜ್ಜಿ ಕೇಳಿ ಕೆಂಡವಾದರು. "ಕಚೇರಿ ತಿರುಗಿ ಬಂದ ಸೌಟು ಹುಳಿಗೆ ಹಾಕ್ಲೇನು? ಸಾಹೇಬರನ್ನ ಸ್ನಾನ ಮಾಡಿ ಬರಾಕ ಹೇಳ್ರಿ!"

೩. ಮೊದಲೇ ಕೂತವರು

ಕಿಂಡಿ ಇದ್ದ ಮೇಲೆ ಹೊಗೆ ಯಾಕೆ ಹೊರಗೆ ಹೋಗದು? ಹೊಸ್ತಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ಕಿಂಡಿಗೆ ಅಚ್ಚುಕಟ್ಟಾಗಿ ಒಂದು ಪಟ ಕೂತಿತ್ತು. ಮೇಲೆ ತುಳಸಿಮಾಲೆ. ಪಟವೆಲ್ಲ ಮಸಿ, ಕಿರೀಟದ ಆಕಾರವಷ್ಟೇ ತೋರುತ್ತಿತ್ತು.

"ವೆಂಕಪ್ಪ," ಅಂದರು ಅಜ್ಜಿ. "ನಾ ಈ ಮನಿಗೆ ಬರೋಕಿಂತ ಮೊದಲ ಕೂತಾನ. ಹನ್ನೆರಡು ವರ್ಷ ಆತು. ನಾ ಹ್ಯಾಂಗ ಎಬ್ಬಿಸಲಿ?"

ನಾನಾದರೂ ಹೇಗೆ ಎಬ್ಬಿಸಲಿ? ಕೈಮುಗಿದು ಬಂದೆ. ಮತ್ತೆ ಹೋದೆ, ಮತ್ತೆ ಕೈಮುಗಿದು ಬಂದೆ. ಹೀಗೆ ನಾಲ್ಕು ಸಲ.

ಕಿಂಡಿ ಬಿಡಿಸಲು ಕಚೇರಿ ಕೊಟ್ಟ ಗಡುವಿನ ದಿನ ಸಾಹುಕಾರರೂ ಜೊತೆಗೆ ಬಂದರು. "ಏಮಿ ಸ್ವಾಮಿ, ಇವತ್ತ ಖಾಲಿ ಮಾಡಿಸೂದ ಐತಲ್ಲ?"

ನಾನು ರಾಯರನ್ನು ನೆನೆದು ಅಂದೆ: "ಅಜ್ಜಿ, ಹನ್ನೆರಡು ವರ್ಷದಿಂದ ಸ್ವಾಮಿ ಹೊಗಿ ಕುಡದಾನ. ಮಾರಿಯಾದ್ರೂ ತೊಳೀರಿ."

ಆ ಮಾತು ಅಜ್ಜಿಯ ಕರುಳಿಗೆ ತಾಗಿತು. ಪಟ ಇಳಿಸಿದರು. ಕಾದಿದ್ದಂತೆ ಹೊಗೆಯೆಲ್ಲ ಕಿಂಡಿಯಿಂದ ಹೊರಗೆ ಹೋಯಿತು. ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದರು. ಕಿರೀಟ ಒರೆಸಿದರೆ ಪೇಟ. ಅದರ ಕೆಳಗೆ ಗಿರಿಜಾ ಮೀಸೆ. ಆಮೇಲೆ ಕರೀ ಕೋಟು, ಗಡಿಯಾರದ ಸರಪಳಿ.

ಸಾಹುಕಾರರು ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಅಡ್ಡಬಿದ್ದರು. "ನಮ್ಮ ನಾಯ್ನಾ! ನಮ್ಮಪ್ಪ! ಇದ ಖೋಲ್ಯಾಗ ಇರತಿದ್ದ. ಈ ಫೋಟೋ ಪ್ರತಿ ವರ್ಷ ತಿಥಿಗೆ ಹುಡುಕ್ತೀವಿ. ಅಜ್ಜಿ, ದಿನಾ ಎಡಿ ಹಿಡದೀರಿ ನೀವು, ಇನ್ನ ಈ ಖೋಲಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ!"

ನನ್ನ ನಾಲ್ಕು ನಮಸ್ಕಾರ ನೆನೆದು, ಮನಸ್ಸಿನಲ್ಲೇ ರಾಯರ ಕ್ಷಮೆ ಕೇಳಿದೆ.

ಅಜ್ಜಿ ಆ ಮೀಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಮಾಳಿಗೆಯ ಸೋರಿದ ಕಲೆ ನೋಡಿದರು.

"ಅದಕ್ಕ ನೋಡ್ರಿ! ಮಾಳಿಗಿ ಸೋರ್ತದ ಸ್ವಾಮಿ ಅಂತ ಹನ್ನೆರಡು ವರ್ಷ ಬೇಡಿಕೊಂಡೆ, ಕಿವ್ಯಾಗ ಹಾಕ್ಕೊಳ್ಳಲೇ ಇಲ್ಲ. ಅಲ್ಲಿ ಕೂತಿದ್ದು ದೇವರಲ್ಲ, ಮನಿ ಮಾಲಕ!"