ನೀರ ಕಡೆ ಬಾಗ್ಲ

ಪರದೇಶದಾಗ ಕುಂತು ಊರಾಗ ಮನಿ ಕಟ್ಟಿಸೋರ ಹಣೇಬರಾನ ಹಿಂಗ. ನಾವು ಅಲ್ಲಿಂದ ಒಂದ ಹೇಳ್ತೀವಿ, ಇಲ್ಲಿ ಇನ್ನೊಂದ ಎದ್ದು ನಿಂತಿರ್ತೈತಿ. ನನಗೊಬ್ಬಾಕಿಗೆ ಆದದ್ದಲ್ಲ ಇದು, ದಿನಾ ಯಾರಿಗರ ಆಗ್ತನ ಇರ್ತೈತಿ. ಆದ್ರ ನಂದು ಕೇಳಿದ ಮ್ಯಾಲೆ ಉಳಿದೋರು "ನಮ್ಮದು ಎಷ್ಟೋ ಪಾಡ ಬಿಡವಾ" ಅಂತ ಸಮಾಧಾನ ಮಾಡ್ಕೋತಾರ. ಮಂದಿಗೆ ಅಷ್ಟಾದರೂ ಉಪಕಾರ ಆಗ್ಲಿ ಅಂತ ಹೇಳಾಕತ್ತೀನಿ.

೧. ಗುಡ್ಡ ಬೇಕಾದ್ರ ಹೇಳು

ನಾನು ಕೊಪ್ಪಳ ಜಿಲ್ಲಾದ ಸಿದ್ದಾಪುರದಾಕಿ. ಗಂಡ ತೀರಿಹೋದ ಮ್ಯಾಲೆ ಕುವೈತಿನ ಒಂದು ದವಾಖಾನ್ಯಾಗ ಆಯಾ ಕೆಲಸಕ್ಕ ಹೋದಾಕಿ, ಇಪ್ಪತ್ತೊಂದು ವರ್ಷ ಅಲ್ಲೇ ಉಳಿದೆ. ಅದ ವಾರ್ಡಿನಾಗ ನನ್ನ ಜೋಡಿ ಫಿಲಿಪೀನ್ಸ್ ದೇಶದಾಕಿ ಒಬ್ಬಾಕಿ ಇದ್ಲು. ಇಬ್ಬರ ಮಾತು ಅರ್ಧ ಅರಬ್ಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನಿ. ಆದ್ರೂ ಜಗಳಾ ಮಾಡಾಕ ಎಂದೂ ಮಾತು ಕಡಿಮಿ ಬಿದ್ದಿಲ್ಲ.

ಒಂದಿನ ಚಾ ಕುಡಿಯೋ ಹೊತ್ತಿಗೆ ಆಕಿ ಫೋನ್ ತಗದು ತನ್ನ ಜಾಗಾ ತೋರಿಸಿದ್ಲು. ಅವರ ದ್ವೀಪದಾಗ ಸಮುದ್ರದ ದಂಡಿಗೆ ಮನಿ ಏಳಾಕತ್ತಿತ್ತು. ಆಕಿ ಮೈದುನ ಮುಂದ ನಿಂತು ಕಟ್ಟಿಸಾಕತ್ತಿದ್ದ. "ಇನ್ನ ನಾಕು ವರ್ಷಕ್ಕ ಹೋಗಿ ಈ ಕಟ್ಟಿ ಮ್ಯಾಲ ಕುಂಡ್ರತೀನಿ. ನೀರ ನೋಡ್ತೀನಿ. ಯಾರೂ ನನಗ ಏಳು ಅನ್ನಬಾರ್ದು" ಅಂದ್ಲು.

ಆ ಮಾತು ನನಗ ಭಾಳ ನಟ್ಟಿತು ನೋಡ್ರಿ. ಮಂದಿ ಏಳು ಅಂದಾಗ ಎದ್ದು, ಕುಂಡ್ರು ಅಂದಾಗ ಕುಂತು ನನಗೂ ಸಾಕಾಗಿತ್ತು. ನನಗೂ ಅಂಥದ್ದ ಒಂದು ಮನಿ ಬೇಕು, ಕಟ್ಟಿ ಮ್ಯಾಲ ಕುಂತ್ರ ನೀರ ಕಾಣಬೇಕು ಅಂತ ಅವತ್ತ ಜಿದ್ದಿಗೆ ಬಿದ್ದೆ.

ಊರಿಗೆ ಫೋನ್ ಮಾಡಿದೆ. ಮೊದಲ ಎತ್ತಿದಾಕಿ ತಮ್ಮನ ಹೆಂಡ್ತಿ. "ಅಯ್ಯ ಅಕ್ಕಾರ, ನಿಮಗ್ಯಾಕ್ರಿ ಮನಿ? ಗಂಡ ಇಲ್ಲ, ಮಕ್ಕಳಿಲ್ಲ. ನಮ್ಮ ಹಿಂದಿನ ಖೋಲಿ ಖಾಲಿನ ಐತಿ" ಅಂದ್ಲು. "ಗಂಡಗೂ ಮಕ್ಕಳಿಗೂ ಅಲ್ಲವಾ, ನನಗ. ತಮ್ಮಗ ಫೋನ್ ಕೊಡು" ಅಂದೆ.

ತಮ್ಮಗ ಹೇಳಿದೆ: "ಸಮುದ್ರ ಕಾಣೋ ಜಾಗಾ ನೋಡೋ."

ಅಂವ ಅಂದ: "ಅಕ್ಕಾ, ಕೊಪ್ಪಳ ಜಿಲ್ಲಾದಾಗ ಸಮುದ್ರ ಎಲ್ಲಿಂದ ತರ್ಲಿ? ಗುಡ್ಡ ಬೇಕಾದ್ರ ಹೇಳು. ಎಷ್ಟ ಬೇಕಷ್ಟ ಅದಾವ."

೨. ಓಡಿಹೋದ ಸಮುದ್ರ

ಕಡೀಕೆ ಅಂವನ ಒಂದು ದಾರಿ ಹುಡುಕಿದ. ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡಿಗೆ, ರಸ್ತಾಕ್ಕ ಹತ್ತಿ, ದಿಬ್ಬದ ಮ್ಯಾಲ ಒಂದು ಜಾಗಾ. ದಸರಾದ ಹೊತ್ತಿನ್ಯಾಗ ವಿಡಿಯೋ ಮಾಡಿ ಕಳಿಸಿದ. ಕಣ್ಣ ಹಾಯೋತನಕ ನೀರು. ತೆರಿ ಬ್ಯಾರೆ ಬಡಿಯಾಕತ್ತಿದ್ವು. ಫಿಲಿಪಿನೋ ಗೆಳತಿಗೆ ತೋರಿಸಿದೆ. "ಇದು ಸಮುದ್ರನ!" ಅಂದ್ಲು ಆಕಿ. ಸಮುದ್ರದ ನಡುವ ಹುಟ್ಟಿದಾಕಿನ ಹೌದು ಅಂದ ಮ್ಯಾಲೆ ಇನ್ನೇನು ಬೇಕು? ತಗೊಂಡೆ.

ಮೇ ತಿಂಗಳದಾಗ ರಜಾಕ್ಕ ಬಂದು ನೇರ ಜಾಗಾಕ್ಕ ಹೋಗಿ ನಿಂತೆ. ನೀರಿಲ್ಲ! ಬಿರುಕು ಬಿಟ್ಟ ಮಣ್ಣು, ಅದರ ಮ್ಯಾಲ ಕುರಿ ಹಿಂಡು. ಕುರಿ ಕಾಯೋ ಹಿರೇರೊಬ್ಬರು ಕಂಬಳಿ ಹಾಸಿ ರೊಟ್ಟಿ ಉಣ್ಣಾಕತ್ತಿದ್ರು. "ಯಪ್ಪಾ, ಇಲ್ಲಿ ನೀರಿತ್ತಲ್ರಿ?" ಅಂದೆ. ಅವರು ಕೈ ಚಾಚಿ ತೋರಿಸಿದ್ರು: "ಬ್ಯಾಸಿಗ್ಯಾಗ ಅದು ಅತ್ತಾಗ ಇರ್ತೈತವಾ. ಇನ್ನೊಂದು ಮೈಲಿ ನಡಿ."

ತಮ್ಮ ಹಿಂದ ನಿಂತು ತಲಿ ಕೆರಕೊಂತ, "ಮಳಿಗಾಲಕ್ಕ ಬರ್ತೈತಿ ಅಕ್ಕಾ, ಮಾರಿಬಿಡೂದು ಬ್ಯಾಡ" ಅಂದ. "ಮಾರ್ತೀನಂತ ಯಾರಂದ್ರೋ? ಇಷ್ಟು ವರ್ಷ ತಡದಾಕಿ ಇನ್ನೆರಡು ತಿಂಗಳ ತಡೀಲಾರದ ಹೋಗ್ತೀನೇನು? ಪಾಯಾ ತಗಸು" ಅಂದೆ.

ಅದ ವಾರ ಕುವೈತಿನಿಂದ ಗೆಳತಿ ಫೋನ್ ಮಾಡಿದ್ಲು. ಅವರ ಕಡೆ ಬಿರುಗಾಳಿ ಎದ್ದು ಸಮುದ್ರ ಉಕ್ಕಿ ಆಕಿ ಅರ್ಧಾ ಕಟ್ಟಿದ ಅಡಗಿ ಮನ್ಯಾಗ ಮೊಣಕಾಲು ಮಟ ನೀರು ನಿಂತಿತ್ತಂತ. ನಾನು ಅಳು ಮಾರಿ ಮಾಡಿ ನನ್ನ ಕಥಿ ಹೇಳಿದೆ. ಆಕಿ ಹೊಟ್ಟಿ ಹಿಡಕೊಂಡು ನಕ್ಕು ಅಂದ್ಲು: "ಹುಡುಕಬ್ಯಾಡ, ನಿನ್ನ ನೀರೂ ನಮ್ಮ ಅಡಗಿ ಮನಿಗೇ ಬಂದೈತಿ. ಕಳಿಸಿಕೊಡ್ಲೇನು?"

೩. ಈಜು ಬರೋ ಕಳ್ಳ

ಮನಿ ಕಟ್ಟೋ ಗೌಂಡಿ ಯಲಬುರ್ಗಾ ಕಡೆಯಾಂವ. ಕೆಲಸ ಛಲೋ, ಮಾತು ಕೇಳೂದು ಕಡಿಮಿ. "ನೀರ ಕಡೆ ಗ್ವಾಡಿಗೆ ದೊಡ್ಡ ಕಿಟಕಿ ಇಡ್ರಿ" ಅಂತ ಕುವೈತಿಗೆ ವಾಪಸ್ ಹೋದ ಮ್ಯಾಲೆ ವಿಡಿಯೋದಾಗ ಹತ್ತು ಸಲ ಹೇಳಿದೆ.

"ಬ್ಯಾಡ್ರಿ ಅಕ್ಕಾರ, ಕಳ್ಳರ ಕಾಟ" ಅಂದ.

"ಅಲ್ರಿ, ಅತ್ತಾಗ ಊರಿಲ್ಲ, ಹಾದಿಯಿಲ್ಲ, ಬರೇ ನೀರೈತಿ. ಕಳ್ಳ ಏನ್ ಈಜಿಕೊಂತ ಬರ್ತಾನ?"

"ಬಂದ್ರ ಏನ್ ಮಾಡ್ತೀರಿ?"

"ಬಂದ್ರ ಮೊದಲ ಚಾ ಕಾಸಿ ಕೊಡ್ತೀನಿ. ಅಷ್ಟು ದೂರ ಈಜಿ ದಣದಿರ್ತಾನ ಪಾಪ. ಟವೆಲ್ಲೂ ಕೊಡ್ತೀನಿ. ನೀವು ಕಿಟಕಿ ಇಡ್ರಿ."

ಇಟ್ಟ. ಎಲ್ಲಿ ಇಟ್ಟ? ಬಚ್ಚಲದಾಗ. ನಮ್ಮ ಕಡೆ ಮನಿ ಅಂದ್ರ ಮುಂದ ರಸ್ತಾ, ಹಿಂದ ಬಚ್ಚಲ. ನೀರಿರೋದು ಹಿಂದ, ಹಂಗಾಗಿ ಅತ್ತಾಗ ಸಿಕ್ಕಿದ್ದು ಬಚ್ಚಲದ ಗ್ವಾಡಿ ಒಂದ. ಅದೂ ಆಳೆತ್ತರಕ್ಕ, ಒಂದು ಮೊಳದ್ದು. "ಸ್ಟೂಲ್ ಹಾಕ್ಕೊಂಡು ನಿಂತ್ರ ನೀರು ಬರೋಬರಿ ಕಾಣ್ತೈತ್ರಿ" ಅಂದ ಗೌಂಡಿ. "ಮತ್ತ ಜಳಕಾ ಮಾಡೋವಾಗ ಯಾರರ ಬಾಗ್ಲಾ ಬಡದ್ರ, ನೀರ ನೋಡಾಕತ್ತೀನಿ ಅಂತ ಹೇಳಾಕ ಬರ್ತೈತಿ."

೪. ಸಪ್ಪಳ ಇದ್ರ ಛಲೋ

ಆಮ್ಯಾಲೆ ತಮ್ಮ ಬರೇ ಒಂದ ಕಡಿಂದ ಫೋಟೋ ಕಳಿಸಾಕ ಶುರು ಮಾಡಿದ. ಮ್ಯಾಲಿನ ಅರ್ಧ ಮನಿ ಅಷ್ಟ. ಒಂದಿನ ಅವಸರದಾಗ ಪೂರ್ತಿದು ಕಳಿಸಿಬಿಟ್ಟ. ನಾನು ಖುಷಿಲೆ ಗೆಳತಿಗೆ ತೋರಿಸಿದೆ. ಆಕಿ ಫೋನ್ ಮೂಗಿಗೆ ಹಿಡದು, "ಮನಿ ಛಲೋ ಐತಿ. ಅಂಗಡಿ ಯಾರದು?" ಅಂದ್ಲು.

ನೋಡ್ತೀನಿ, ರಸ್ತಾದ ಕಡೆ ಮುಂದಿನ ಖೋಲಿಗೆ ಅಷ್ಟಗಲದ್ದು ಕಬ್ಬಿಣದ ಶಟರ್!

ಫೋನ್ ಹಚ್ಚಿದೆ. "ಇದೇನೋ?"

"ಗಾಳಿಗೆ ಅಕ್ಕಾ. ಎತ್ತಿದ್ರ ಗಾಳಿ ಛಲೋ ಆಡ್ತೈತಿ."

"ಖರೇ ಹೇಳು."

ಫೋನ್ ಹೆಂಡ್ತಿ ಕೈಗೆ ಹೋತು. ಕುಷ್ಟಗಿಯಾಕಿ, ಆಕಿಗೆ ಯಾವ ಅಂಜಿಕಿ? "ನಮ್ಮಣ್ಣ ಅಲ್ಲಿ ಹಿಟ್ಟಿನ ಗಿರಣಿ ಇಡ್ತಾನಂತ್ರಿ ಅಕ್ಕಾರ. ರಸ್ತಾಕ್ಕ ಹತ್ತಿ ಐತಲ್ರಿ, ಗಿರಾಕಿ ಭಾಳ ಬರ್ತಾವ. ನೀವೂ ಒಬ್ಬರ ಇರೋರು. ಸಪ್ಪಳ ಇದ್ರ ಬ್ಯಾಸರಾಗಂಗಿಲ್ಲ."

ನನಗ ಸಿಟ್ಟು ನೆತ್ತಿಗೇರಿತು. ನಾ ದುಡದ ಮನಿ, ನನ್ನ ಹೆಸರಿನ ಮನಿ, ಅದರಾಗ ನನಗ ಉಳಿದದ್ದು ಬಚ್ಚಲದ ಕಿಟಕಿ ಒಂದ! ಈಕಿ ಮತ್ತ ಬರಂಗಿಲ್ಲ, ಬಂದ್ರೂ ಬಾಯಿ ಮುಚ್ಚಿಕೊಂಡು ಮೂಲ್ಯಾಗ ಬಿದ್ದಿರ್ತಾಳ ಅಂತ ಇವರು ಲೆಕ್ಕಾ ಹಾಕ್ಯಾರ. ಬರ್ತೀನಿ, ಮೂಲ್ಯಾಗಂತೂ ಕುಂಡ್ರಂಗಿಲ್ಲ ಅಂತ ಅವತ್ತ ರಾಜೀನಾಮಿ ಬರದೆ.

ಗೆಳತಿ ನನ್ನ ಸಮಾಧಾನ ಮಾಡಬೇಕಂತ ತನ್ನ ಮೈದುನಗೂ ಫೋನ್ ಹಚ್ಚಿದ್ಲು. ಇಬ್ಬರೂ ಸೇರಿ ಆಕಿ ಮನಿ ಒಳಗೆಲ್ಲಾ ನೋಡಿದ್ವಿ. ಸಮುದ್ರ ಕಾಣೋ ದೊಡ್ಡ ಖೋಲ್ಯಾಗ ಅಂವ ಹಾಡೋ ಮಷೀನು, ಆಳೆತ್ತರದ ಸ್ಪೀಕರು ಇಟ್ಟು, ಹತ್ತು ಮಂದಿ ದೋಸ್ತರ ಜೋಡಿ ಮೈಕ್ ಹಿಡಕೊಂಡು ಒದರಾಕತ್ತಿದ್ದ. ಗೆಳತಿ ಫೋನ್ ಇಟ್ಲು. ನನ್ನ ಕಡೆ ತಿರುಗಿ ಕೇಳಿದ್ಲು: "ರಾಜೀನಾಮಿ ಕಾಗದ ಇನ್ನೊಂದು ಐತೇನು?"

೫. ಆಕಳ ತೀರ್ಮಾನ

ಊರಿಗೆ ಬಂದಾಕಿನ ಮೊದಲ ಗೌಂಡಿನ ಕರಿಸಿ ನೀರ ಕಡೆ ಗ್ವಾಡಿ ಒಡಸಿದೆ. ಬಚ್ಚಲ ಬಾಜೂಕ ಸರೀತು. ನಡುವ ಎರಡು ಕದದ ದೊಡ್ಡ ಬಾಗ್ಲಾ, ಹೊರಗ ಉದ್ದಾನ ಕಟ್ಟಿ. ಶಟರ್ ಇಳಿಸಿ ಕೀಲಿ ಜಡದೆ, ಅದರ ಬಾಜೂಕಿನ ಬಾಗ್ಲಾ ಹಂಗ ಇತ್ತು. "ಇನ್ನ ಮ್ಯಾಲೆ ನೀರ ಕಡೆದ ತಲಬಾಗ್ಲಾ. ರಸ್ತಾದ್ದು ಹಿತ್ತಲ ಬಾಗ್ಲಾ" ಅಂದೆ.

ತಮ್ಮ ಕುಣದಾಡಿದ. "ಮಂದಿ ನಗ್ತಾರ ಅಕ್ಕಾ! ರಸ್ತಾಕ್ಕ ಹಿತ್ತಲ ಮಾಡಿದೋರನ್ನ ಎಲ್ಲೆರ ಕಂಡೀಯೇನು?"

"ಈಗ ಕಾಣ್ತಾರ ಬಿಡು" ಅಂದೆ.

ಮಳಿಗಾಲ ಮುಗಿದು ಹಿನ್ನೀರು ದಿಬ್ಬದ ಬುಡಕ್ಕ ಬಂದಿತ್ತು. ಮನಿ ಶಾಂತಿಗೆ ಪೂಜಿ ಮಾಡೋ ಅಯ್ಯನೋರು ಬಂದ್ರು. ಯಾವ ಬಾಗ್ಲಕ್ಕ ತೋರಣ ಕಟ್ಟಬೇಕು ಅಂತ ನಂದು ತಮ್ಮಂದು ತಕರಾರು ಮುಗೀಲೇ ಇಲ್ಲ. ಹೊಸ ಮನಿಗೆ ಮೊದಲ ಆಕಳ ಹೊಗಸೂದು ನಮ್ಮ ಪದ್ಧತಿ. ಅಯ್ಯನೋರಿಗೂ ಸಾಕಾಗಿ, "ಆಕಳ ಯಾವ ಬಾಗ್ಲಾಗ ಒಳಗ ಬರ್ತೈತಿ, ಅದ ತಲಬಾಗ್ಲಾ. ಮುಗೀತು" ಅಂದ್ರು.

ತಮ್ಮನ ಹೆಂಡ್ತಿ ಶಾಣ್ಯಾಕಿ. ರಸ್ತಾದ ಬಾಗ್ಲಾ ದಾಟಿ ಒಳಗ ಒಂದು ಹೊರಿ ಹಸಿ ಮೇವು ಇಟ್ಟಿದ್ಲು. ಆಕಳ ಹಿಂದ ಮುಂದ ನೋಡ್ಲಿಲ್ಲ, ಅದ ಬಾಗ್ಲಾಗ ನುಗ್ಗಿ ಮೇವಿಗೆ ಬಾಯಿ ಹಾಕಿತು. ತಮ್ಮ ಹೊಸಾ ಧೋತ್ರ ಉಟ್ಟು ಹಗ್ಗ ಹಿಡದಿದ್ದ. ನನ್ನ ಮಾರಿ ನೋಡಿ ಮೀಸಿ ಮ್ಯಾಲ ಕೈ ಆಡಿಸಿದ. ಬೀಗರೆಲ್ಲಾ ಚಪ್ಪಾಳಿ ಹೊಡದ್ರು. ನನ್ನ ಇಷ್ಟು ವರ್ಷದ ಆಸೆ ಒಂದು ಹೊರಿ ಮೇವಿಗೆ ಹೋತಲ್ಲ ಅಂತ ಕಣ್ಣಾಗ ನೀರು ಬಂತು. ಮಂದಿ ಮುಂದ ಒರಸಿಕೊಳ್ಳಲಿಲ್ಲ, ಅಷ್ಟ.

ಮೇವು ತಿಂದ ಆಕಳಕ್ಕ ನೀರಡಿಕಿ ಆತು. ತಲಿ ಎತ್ತಿತು. ಎದುರಿಗೆ ನನ್ನ ಬಾಗ್ಲಾ ಪೂರಾ ತಗದಿತ್ತು, ಅದರಾಚೆ ಫಳಫಳ ಹಿನ್ನೀರು. ಅಷ್ಟ ನೋಡ್ರಿ! ಪಡಸಾಲಿ ದಾಟಿ, ಕಟ್ಟಿ ಇಳದು ಓಟಾ ಕಿತ್ತಿತು. ತಮ್ಮ ಹಗ್ಗ ಕೈಗೆ ಸುತ್ತಿಕೊಂಡಿದ್ದ, ಬಿಡಿಸಿಕೊಳ್ಳಾಕ ಎಲ್ಲೈತಿ ಪುರುಸೊತ್ತು? "ಹೋ ಹೋ" ಅಂತ ಅದರ ಹಿಂದನ ಹೋದ. ದಿಬ್ಬಾ ಇಳದು ಇಬ್ಬರೂ ನೀರಿಗೆ ಬಿದ್ರು.

ಮಂದಿಯೆಲ್ಲಾ ನೋಡಾಕಂತ ನನ್ನ ಕಟ್ಟಿಗೆ ಬಂದ್ರು. ಬಂದೋರಿಗೆ ಗಾಳಿ ತಂಪನ ಹತ್ತಿತು. ಒಬ್ಬರು ಕುಂತ್ರು, ಇನ್ನೊಬ್ಬರು ಕುಂತ್ರು, ಹಿರೇರು ಗ್ವಾಡಿಗೆ ಒರಗಿದ್ರು. ಯಾರೋ ಜಮಖಾನಿ ಅಲ್ಲೇ ತಂದು ಹಾಸಿದ್ರು. ಅಯ್ಯನೋರೂ ಬಂದು ಕುಂತು, "ಜಾಗಾ ಛಲೋ ಐತವಾ" ಅಂದ್ರು.

ಹೊಟ್ಟಿ ತುಂಬ ಕುಡದು ಆಕಳ ತಾನಾಗೇ ದಿಬ್ಬಾ ಏರಿ, ನನ್ನ ಬಾಗ್ಲಾಗನ ಒಳಗ ಹೋಗಿ, ಪಡಸಾಲಿ ನಡುವ ಮಲಗಿ ಮೆಲಕ ಹಾಕಾಕತ್ತಿತು.

"ನೋಡ್ರಿ ಅಯ್ಯನೋರ" ಅಂದೆ, "ತಿನ್ನಾಕ ಬಂದದ್ದು ಅವರ ಬಾಗ್ಲಾಗ. ಇರಾಕ ಬಂದದ್ದು ನನ್ನ ಬಾಗ್ಲಾಗ."

"ಅದು ನಡ್ಯಂಗಿಲ್ಲ! ಮೊದಲ ಬಂದದ್ದ ಲೆಕ್ಕ!" ಅಂತ ತಮ್ಮನ ಹೆಂಡ್ತಿ ಎದ್ಲು. ಅಯ್ಯನೋರು ಆಕಿ ಮಾರಿ ಒಮ್ಮೆ, ನನ್ನ ಮಾರಿ ಒಮ್ಮೆ ನೋಡಿದ್ರು.

ಆ ಹೊತ್ತಿಗೆ ತಮ್ಮ ದಿಬ್ಬಾ ಏರಿ ಬಂದ. ಹೊಸಾ ಧೋತ್ರ ರಾಡಿ, ಮೀಸಿ ರಾಡಿ, ಕಾಲಿಂದ ಕೆಸರು ಸುರಿಯಾಕತ್ತಿತ್ತು. ಹಂಗನ ಕಟ್ಟಿ ಏರಿ, ಜಮಖಾನಿ ಮ್ಯಾಲ ಕಾಲಿಡೋದ್ರಾಗಿದ್ದ. ಅಂವನ ಹೆಂಡ್ತಿನ ಚೀರಿದ್ಲು: "ಅಯ್ಯ, ಮಂದಿ ಕುಂತಾರ, ಕಣ್ಣ ಕಾಣಂಗಿಲ್ಲೇನ್ರಿ? ಆ ರಾಡಿ ಕಾಲು ತಗೊಂಡು ಹಿತ್ತಲ ಬಾಗ್ಲಿಂದ ಬರ್ರಿ!"

ತಮ್ಮ ಹಿಂದಕ್ಕ ತಿರುಗಿದ, ಇಡೀ ಮನಿ ಸುತ್ತು ಹಾಕಿದ, ರಸ್ತಾದ ಬಾಗ್ಲಿಂದ ಒಳಗ ಬಂದ.