ನಗರದ ಪಂಪನ್ನು ನಾವು ನಾಲ್ವರೂ ಬೇಡವೆಂದದ್ದು

ಬುದ್ಧಿವಂತರು ಸೇರಿದರೆ ಊರು ಕೆಡುತ್ತದೆ ಎಂದು ಹೇಳುವವರಿದ್ದಾರೆ. ನಾನದನ್ನು ನಂಬುತ್ತಿರಲಿಲ್ಲ. ಏಕೆಂದರೆ ಶಿಡ್ಲಘಟ್ಟ ಪುರಸಭೆಯಲ್ಲಿ ಬುದ್ಧಿವಂತನೆಂದರೆ ನಾನೊಬ್ಬನೇ ಎಂಬ ಖಾತ್ರಿ ನನಗಿತ್ತು.

ಅರವತ್ತರ ದಶಕದ ಆರಂಭದ ಮಾತು. ಬೆಂಗಳೂರು ನಗರ ತನ್ನ ಸುತ್ತಲಿನ ಊರುಗಳ ಕೈಹಿಡಿದು ಬೆಳೆಯಬೇಕೆಂದು ಯಾರಿಗೋ ಹೊಳೆಯಿತು. ಅದಕ್ಕೊಂದು ಸಮಿತಿ, ಸಮಿತಿಗೊಂದು ನಕ್ಷೆ, ನಕ್ಷೆ ಹರಡಲು ಒಂದು ಮೇಜು, ಎಲ್ಲವೂ ಸಿದ್ಧವಾದವು. ಅಲ್ಲಿಯವರೆಗೆ ನಾವು ಎಲ್ಲಿದ್ದೇವೆಂದು ಬೆಂಗಳೂರಿಗೆ ನೆನಪಾಗುತ್ತಿದ್ದದ್ದು ಬೆಳಗಿನ ತರಕಾರಿ ತಡವಾದಾಗ ಮಾತ್ರ. ಈಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಒಬ್ಬೊಬ್ಬ ಪ್ರತಿನಿಧಿಯನ್ನು ಕಳಿಸತಕ್ಕದ್ದು ಎಂದು ಕರೆ ಬಂತು! ಹಿಂದೆಯೇ ಒಂದು ಸುದ್ದಿಯೂ ಬಂತು. ನಗರ ನೀರೆತ್ತಲು ದೊಡ್ಡ ಯಂತ್ರಗಳನ್ನು ತರಿಸುತ್ತಿದೆ, ಬಿಚ್ಚಿಟ್ಟ ಹಳೆಯ ಪಂಪು, ಪೈಪುಗಳನ್ನು ನೀರಿಲ್ಲದ ಊರುಗಳಿಗೆ ಹಂಚುತ್ತಾರೆ.

ನಮ್ಮ ಬೀದಿಯ ಬಾವಿಯ ನೀರು ಬರೀ ಉಪ್ಪು. ಬೇಳೆ ಬೇಯುತ್ತಿರಲಿಲ್ಲ, ಸೋಪಿಗೆ ನೊರೆ ಬರುತ್ತಿರಲಿಲ್ಲ. ಸಿಹಿನೀರಿನ ಬಾವಿ ಊರಾಚೆ ಇತ್ತು. ನನ್ನ ಹೆಂಡತಿ ಲಕ್ಷ್ಮೀದೇವಿ ಕುಡಿಯುವ ನೀರನ್ನು ಅಲ್ಲಿಂದಲೇ ಹೊತ್ತು ತರುತ್ತಿದ್ದಳು. ಪಕ್ಕದ ಮನೆಯ ಬಾಷಾ ಸಾಹೇಬರು ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವವರು. ಉಪ್ಪುನೀರಿನಲ್ಲಿ ತೆಗೆದ ನೂಲು ಬಣ್ಣಗೆಟ್ಟು, ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡುತ್ತಿರಲಿಲ್ಲ. ಆ ಸಿಹಿನೀರಿನ ಬಾವಿಗೊಂದು ಪಂಪು ಬಿದ್ದರೆ ಇಡೀ ಬೀದಿ ಬದುಕುತ್ತಿತ್ತು.

ಪ್ರತಿನಿಧಿಯಾಗಿ ಆಯ್ಕೆಯಾದವನು ನಾನು. ಬೇರೆ ಯಾರೂ ಒಪ್ಪಿರಲಿಲ್ಲವೆಂಬುದು ಬೇರೆ ವಿಷಯ. ಬಾಷಾ ಸಾಹೇಬರು ಜಗಲಿಯ ಮೇಲೆ ಕೂತು ಬುದ್ಧಿ ಹೇಳಿದರು.

"ಮೆಂಬರ್ ಸಾಬ್, ಅಲ್ಲಿ ಹೋಗಿ ಎರಡೇ ಮಾತು ಹೇಳಿ. ನೀರಿಲ್ಲ, ಪಂಪು ಕೊಡಿ. ಆಮೇಲೆ ಬಾಯಿ ಮುಚ್ಕೊಂಡು ಬಂದುಬಿಡಿ."

ನನಗೆ ನಗು ಬಂತು. ಇದೇನು ಭಿಕ್ಷೆಯೇ? ಪ್ರಾದೇಶಿಕ ಸಹಕಾರವೆಂದರೆ ಅದಕ್ಕೊಂದು ಘನತೆ ಬೇಡವೇ? ಅದನ್ನು ಗೂಡು ಬೇಯಿಸುವವರಿಗೆ ವಿವರಿಸುವುದು ವ್ಯರ್ಥ.

ಸಭೆಗೆ ಮುಂಚೆ ಮಿಕ್ಕ ಮೂವರನ್ನೂ ಚಿಕ್ಕಬಳ್ಳಾಪುರದ ಒಂದು ಹೋಟೆಲಿಗೆ ಕರೆಸಿದೆ. ಆ ಊರಿನ ಪ್ರತಿನಿಧಿ ಆಲೂಗಡ್ಡೆ ವ್ಯಾಪಾರಿ, ಹೊಟ್ಟೆಯೇ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ಗೌರಿಬಿದನೂರಿನವರು ನಿವೃತ್ತ ಹೆಡ್‌ಮಾಸ್ತರು. ಚಿಂತಾಮಣಿಯವರು ಒಬ್ಬ ವಕೀಲರು, ಕೋರ್ಟಿನಲ್ಲಿ ಕನ್ನಡ, ಕೋಪ ಬಂದರೆ ತೆಲುಗು. ಎಲ್ಲರಿಗೂ ಪಂಪು ಬೇಕು. ಆದರೆ ದೊಡ್ಡವರ ಮುಂದೆ ಬಾಯಿಬಿಟ್ಟು ಕೇಳಲು ಎಲ್ಲರಿಗೂ ನಾಚಿಕೆ. ನಮ್ಮ ಸೀಮೆಯೇ ಹಾಗೆ. ಯಾರ ಮನೆಯಲ್ಲಾದರೂ ಕಾಫಿ ಬೇಕೇ ಎಂದರೆ, ನಾಲಿಗೆ ಒಣಗುತ್ತಿದ್ದರೂ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ ಈಗ ತಾನೇ ಆಯಿತು ಎನ್ನಬೇಕು. ಮೂರನೆಯ ಸಲ, ನಿಮ್ಮ ಬಲವಂತಕ್ಕೆ ಎಂದು ಲೋಟ ಹಿಡಿಯಬೇಕು. ಒಂದೇ ಸಲಕ್ಕೆ ಹೂಂ ಎಂದವನಿಗೆ ಹೆಣ್ಣು ಕೊಡುವುದಿಲ್ಲ.

ಇದರಿಂದಲೇ ನನ್ನ ಮಹಾ ಉಪಾಯ ಹುಟ್ಟಿತು! ಮದುವೆಯ ಪಂಕ್ತಿಯಲ್ಲಿ ಒಬ್ಬರು ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದರೆ, ಪಕ್ಕದವರು "ಹಾಕಪ್ಪ, ಹಾಕು, ನಾಚ್ಕೋತಾರೆ" ಎನ್ನುವುದಿಲ್ಲವೇ? ಸಭೆಯಲ್ಲೂ ಹಾಗೇ ಮಾಡೋಣ ಎಂದೆ. ಪ್ರತಿಯೊಬ್ಬರೂ ತಮ್ಮ ಊರಿಗೆ ಏನೂ ಬೇಡವೆನ್ನುವುದು, ಮಿಕ್ಕ ಮೂವರು ಅವರ ಪರವಾಗಿ ಬಲವಂತ ಮಾಡುವುದು. ಮಾನವೂ ಉಳಿಯಿತು, ಪಂಪೂ ಬಂತು. ಹೆಡ್‌ಮಾಸ್ತರು ನನ್ನ ಬೆನ್ನು ತಟ್ಟಿದರು. ವಕೀಲರು ಇದು ತಮಗೇ ಹೊಳೆಯುವುದರಲ್ಲಿತ್ತು ಎಂದರು.

ಸಭೆಯ ದಿನ ಬೆಂಗಳೂರು ಸೇರಿದೆವು, ಬೇರೆ ದಿಕ್ಕಿನ ಊರುಗಳವರೂ ಬಂದಿದ್ದರು. ಮೇಜಿನ ತುಂಬ ನಕ್ಷೆ. ನಡುವೆ ಬೆಂಗಳೂರು ಕೆಂಪಗೆ ಹರಡಿಕೊಂಡಿತ್ತು. ನಾವು ನಾಲ್ವರೂ ಅಂಚಿನಲ್ಲಿದ್ದೆವು, ಚಿಂತಾಮಣಿಯ ಮೇಲೆ ಯಾರದೋ ಚಹಾ ಬಟ್ಟಲು ಕೂತಿತ್ತು. ಅಧ್ಯಕ್ಷರು ಕನ್ನಡಕದ ಅಧಿಕಾರಿ. ನಗರ ತಾಯಿಯಂತೆ, ಸುತ್ತಲಿನ ಊರುಗಳು ಮಕ್ಕಳಂತೆ ಎಂದು ಬಹಳ ಹೊತ್ತು ಹೇಳಿದರು. ಮಕ್ಕಳ ಊರಿಗೆ ಒಮ್ಮೆಯೂ ಬಾರದ ತಾಯಿ! ಕೊನೆಗೆ ಚಿಕ್ಕಬಳ್ಳಾಪುರದವರ ಕಡೆ ತಿರುಗಿ, ನಿಮಗೆ ಪಂಪಿನ ಅಗತ್ಯವಿದೆಯೇ ಎಂದು ಕೇಳಿದರು.

ಆಲೂಗಡ್ಡೆ ವ್ಯಾಪಾರಿಗಳು ಎದ್ದು ನಿಂತು ಕೈಮುಗಿದರು.

"ನಮ್ದೇನಿದೆ ಸ್ವಾಮಿ. ಹೆಂಗೋ ನಡೀತೈತೆ. ನಮಗೇನೂ ಬೇಡ."

ಎಂಥ ವಿನಯ! ಈಗ ನಾನು ಬಾಯಿ ಹಾಕಬೇಕಿತ್ತು. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಒಂದು ಲೆಕ್ಕ ಓಡಿತು. ಒಬ್ಬರು ಕಡಿಮೆಯಾದರೆ ನಮಗೆ ಹೆಚ್ಚು ಬರುತ್ತದಲ್ಲ? ಹೆಡ್‌ಮಾಸ್ತರು ಹೇಳಲಿ ಎಂದು ಸೂರಿನ ಫ್ಯಾನು ನೋಡಿದೆ. ಹೆಡ್‌ಮಾಸ್ತರು ಆಗಲೇ ಅದೇ ಫ್ಯಾನನ್ನು ನೋಡುತ್ತಿದ್ದರು. ವಕೀಲರಿಗೆ ಕೆಮ್ಮು ಬಂತು. ಅಧ್ಯಕ್ಷರು ಸಂತೋಷ ಎಂದು ಚಿಕ್ಕಬಳ್ಳಾಪುರದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು. ನಗರದವರಿಗೆ ಎರಡನೆಯ ಸಲ ಕೇಳಿ ಅಭ್ಯಾಸವೇ ಇಲ್ಲ!

ಗೌರಿಬಿದನೂರಿನ ಹೆಡ್‌ಮಾಸ್ತರು ಎದ್ದರು. ಒಪ್ಪಂದದ ಪ್ರಕಾರ ಬೇಡವೆಂದು ನಮ್ಮತ್ತ ನೋಡಿದರು. ಆಲೂಗಡ್ಡೆಯವರು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ವಕೀಲರ ಕೆಮ್ಮು ಇನ್ನೂ ನಿಂತಿರಲಿಲ್ಲ. ನಾನು ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದೆ. ಇನ್ನೊಂದು ಗೀಟು ಬಿತ್ತು. ವಕೀಲರಾದರೂ ಪಾಠ ಕಲಿಯಬಾರದೇ? ಇಲ್ಲ. ಮಾತು ಕೊಟ್ಟಾಗಿದೆಯೆಂದು ಅವರೂ ಬೇಡವೆಂದರು, ಅವರ ಊರ ಮೇಲಿನ ಚಹಾ ಬಟ್ಟಲನ್ನು ಎತ್ತಿ ಗೀಟು ಹಾಕಲಾಯಿತು.

ಉಳಿದವನು ನಾನೊಬ್ಬ. ನಮ್ಮ ದಿಕ್ಕಿನ ಪಾಲಿನ ಅಷ್ಟೂ ಪಂಪು ನನ್ನೆದುರಿಗೆ! ನೀರಿಲ್ಲ, ಪಂಪು ಕೊಡಿ ಎಂದಿದ್ದರೆ ಮುಗಿದಿತ್ತು. ಎದ್ದೆ, ಗಂಟಲು ಸರಿಮಾಡಿಕೊಂಡೆ. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಇಷ್ಟು ತ್ಯಾಗಿಗಳ ನಡುವೆ ನಾನೊಬ್ಬನೇ ಹೊಟ್ಟೆಬಾಕನಾಗುವುದೇ? ಒಂದು ಸಲ ಬೇಡವೆಂದರೆ ಇವರು ಖಂಡಿತ ಬಲವಂತ ಮಾಡುತ್ತಾರೆ, ಪಂಪುಗಳನ್ನು ಮತ್ತೆ ಯಾರಿಗೆ ಕೊಡುತ್ತಾರೆ? ಹಾಗೆಂದುಕೊಂಡು ಕೈಮುಗಿದು, "ಶಿಡ್ಲಘಟ್ಟಕ್ಕೆ ತಮ್ಮ ವಿಶ್ವಾಸವೊಂದೇ ಸಾಕು" ಎಂದುಬಿಟ್ಟೆ.

ಮೂವರೂ ಫ್ಯಾನು ನೋಡುತ್ತಿದ್ದರು.

ಇಂಥ ಸಹಕಾರವನ್ನು ತಾವೆಲ್ಲೂ ಕಂಡಿಲ್ಲವೆಂದು ಅಧ್ಯಕ್ಷರು ಗದ್ಗದಿತರಾದರು. ಪಂಪುಗಳು ಇನ್ನೊಂದು ದಿಕ್ಕಿನ ಊರಿಗೆ ಹೋದವು. ಆ ಊರಿನವನು ಮೊದಲ ಸಾಲಿನಲ್ಲಿ ಕೂತು, ಕೇಳುವ ಮುಂಚೆಯೇ ಕೊಡಿ ಕೊಡಿ ಎನ್ನುತ್ತಿದ್ದ ನಾಚಿಕೆಗೇಡಿ. ಆಮೇಲೆ ಅಧ್ಯಕ್ಷರು ನಗರಕ್ಕೆ ಬೇಕಾದದ್ದನ್ನು ಹೇಳಿದರು. ಹಾಲು ಬೇಕು, ತರಕಾರಿ ಬೇಕು, ಕಟ್ಟಡಕ್ಕೆ ಕಲ್ಲು ಬೇಕು, ಭಾನುವಾರ ಬಂದು ಹೋಗಲು ಒಳ್ಳೆಯ ಗಾಳಿಯೂ ಬೇಕು. ಅವರು ಒಂದಕ್ಕೂ ನಾಚಲಿಲ್ಲ. ನಾವು ನಾಲ್ವರೂ ಒಂದೇ ಧ್ವನಿಯಲ್ಲಿ, ಅದಕ್ಕೇನು, ಧಾರಾಳವಾಗಿ ಎಂದೆವು. ಅಂದಿನ ಸಭೆಯಲ್ಲಿ ನಮ್ಮ ಒಗ್ಗಟ್ಟು ಕಂಡದ್ದು ಅಲ್ಲೊಂದೇ ಕಡೆ.

ಹೆಡ್‌ಮಾಸ್ತರದು ತೊಂಡೇಬಾವಿ ಮೇಲೆ ಗೌರಿಬಿದನೂರಿಗೆ ಹೋಗುವ ಬೇರೆ ರೈಲು, ಪುಣ್ಯವಂತರು. ಮಿಕ್ಕ ನಾವು ಮೂವರು ನಮ್ಮ ಕಡೆಯ ಪುಟ್ಟ ರೈಲಿನ ಒಂದೇ ಬೆಂಚಿನಲ್ಲಿ ಮೊಣಕಾಲು ತಾಗಿಸಿಕೊಂಡು ಊರು ಸೇರಬೇಕಾಯಿತು. ವಕೀಲರು ದಾರಿಯುದ್ದಕ್ಕೂ ತೆಲುಗಿನಲ್ಲೇ ಮಾತಾಡಿದರು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ತಪ್ಪನ್ನು ಉಳಿದ ಮೂವರ ತಲೆಗೂ ಸಮನಾಗಿ ಹಂಚಿದೆ. ಲಕ್ಷ್ಮೀದೇವಿ ಸೊಂಟದ ಮೇಲಿನ ಕೊಡ ಇಳಿಸದೆಯೇ ಕೇಳಿಸಿಕೊಂಡಳು.

"ಹಸಿದ ಮಗು ಅಳೋದಾದ್ರೂ ಅಳತ್ತೆ ಕಣ್ರೀ. ನಾಲ್ಕು ಜನ ಗಂಡಸ್ರು ಸೇರಿ ಅಷ್ಟೂ ಮಾಡ್ಲಿಲ್ವಲ್ಲ."

ಮುಂದಿನ ಸಭೆಗೆ ಪುರಸಭೆ ಬಾಷಾ ಸಾಹೇಬರನ್ನು ಕಳಿಸಿತು. ಅವರು ಅಧ್ಯಕ್ಷರ ಭಾಷಣದ ನಡುವೆಯೇ ಎದ್ದು ತಮ್ಮ ಎರಡು ಮಾತು ಹೇಳಿದರಂತೆ, ಪಂಪಿನ ಆದೇಶ ಕೈಗೆ ಸಿಗುವವರೆಗೆ ಕೂರಲಿಲ್ಲವಂತೆ. ಪಂಪು ಬಂತು. ಸಾಹೇಬರೇನು ಸಾಮಾನ್ಯರೇ, ಬೀದಿಯ ನಲ್ಲಿಯನ್ನು ತಮ್ಮ ಬಾಗಿಲ ಮುಂದೆಯೇ ಹಾಕಿಸಿಕೊಂಡರು. ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು.

ಮೊದಲ ದಿನ, ನೀರು ಹೊತ್ತು ಸೊಂಟ ಹಿಡಿದಿದ್ದ ಹೆಂಡತಿಯ ಬದಲು ಕೊಡ ಹಿಡಿದು ನಾನೇ ಹೋದೆ. ಸಾಹೇಬರ ತಾಯಿ ನನ್ನನ್ನು ಕಂಡು ಹೆಂಗಸರನ್ನೆಲ್ಲ ಸರಿಸಿದರು. ಮೆಂಬರಪ್ಪ ಬಂದಿದಾರೆ, ಮೊದಲು ಅವರು ಹಿಡಿದುಕೊಳ್ಳಲಿ ಎಂದರು.

ನಾನು ಮಾತಾಡಲಿಲ್ಲ, ನಾಲಿಗೆ ತಾನೇ ಮಾತಾಡಿತು. "ಛೆ ಛೆ, ನಮ್ದೇನು ಅವಸರ, ಮೊದ್ಲು ನಿಮ್ದೆಲ್ಲ ಆಗ್ಲಿ."

ಇನ್ನೊಂದು ಸಲ ಕರೆಯುತ್ತಾರೆಂದು ಪಕ್ಕದಲ್ಲಿ ನಿಂತೆ. ಕೊಡಗಳು ಒಂದೊಂದಾಗಿ ತುಂಬಿ ಹೋದವು. ನಲ್ಲಿ ಗೊರಗೊರ ಎಂದು ನಿಂತಿತು.

ಲಕ್ಷ್ಮೀದೇವಿ ಖಾಲಿ ಕೊಡ ನೋಡಿದಳು. ಸೊಂಟ ಹಿಡಿದುಕೊಂಡೇ ಹೋಗಿ ಉಪ್ಪುಬಾವಿಯಿಂದ ಒಂದು ಬಿಂದಿಗೆ ಸೇದಿ ತಂದು ಕಾಫಿ ಮಾಡಿದಳು. ಒಂದು ಲೋಟ ಹೇಗೋ ನುಂಗಿದೆ. ಬೇಕೇ ಎಂದು ಕೇಳದೆ ಇನ್ನೊಂದು ಸುರಿದಳು. ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ.