ತಂಗಿಯ ಟನಲ್ಲು, ನನ್ನ ಹಲಸಿನ ಹಪ್ಪಳ

ತಪ್ಪು ಮಾಡಲು ಓದು ಬೇಕಿಲ್ಲ; ಮಾಡಿದ ತಪ್ಪು ಎಷ್ಟು ದೊಡ್ಡದೆಂದು ತಿಳಿಯಲು ಸ್ವಲ್ಪ ಓದಿರಬೇಕು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಹಾಗಾಗಿ ನನ್ನ ತಪ್ಪಿನ ಅಳತೆ ಸಿಕ್ಕಿದ್ದು ಎರಡು ದಿನ ತಡವಾಗಿ.

ತಂಗಿ ಸುಜಾತಾ ಹಿರೇಗುತ್ತಿಯ ನಮ್ಮ ಮನೆಯಲ್ಲೇ ಕೂತು ಮೊಬೈಲ್ ಕಂಪನಿಯೊಂದರ ಕೆಲಸ ಮಾಡುತ್ತಾಳೆ. ಈ ಮಳೆಗಾಲದಲ್ಲಿ ಉಗ್ರಾಣದೊಳಗೆ ಎರಡು ಕಪ್ಪು ಪೆಟ್ಟಿಗೆ ಇಟ್ಟು ವಯರು ಎಳೆದಳು. ಒಂದಕ್ಕೆ ಟವರಿನ ವೇಷ, ಇನ್ನೊಂದಕ್ಕೆ ಕಂಪನಿಯ ದೊಡ್ಡ ಕೇಂದ್ರದ ವೇಷ. ಪರೀಕ್ಷೆ ಮಾಡಬೇಕಾದದ್ದು ಎರಡರ ನಡುವಿನ ಟನಲ್ಲನ್ನು.

"ಎಂತದೇ ಅದು?" ಎಂದೆ.

"ಅಣ್ಣ, ನೀ ಕುಮಟೆಗೆ ಅತ್ತೆ ಮನೆಗೆ ಬಂಗಡೆ ತಕಂಡು ಹೋಗ್ತೆ ಅಲ್ಲ, ಬಾಳೆಎಲೆಲಿ ಕಟ್ಟಿ, ಮೇಲೊಂದು ಚೀಲ ಹಾಕಿ? ಬಸ್ಸಿನವ್ರಿಗೆ ಚೀಲ ಮಾತ್ರ ಕಾಣ್ತದೆ. ಅತ್ತೆ ಬಿಚ್ಚಿದ್ರೆ ಒಳಗೆ ಬಂಗಡೆ. ಫೋನಿನ ಮಾತೂ ಹಂಗೇ ಹೋಗೂದು."

"ವಾಸನೆ?"

ಅವಳು ವಯರಿನ ಕಡೆಗೆ ತಿರುಗಿದಳು.

ಶುಕ್ರವಾರ ಆ ಟನಲ್ಲು ಇಡೀ ದಿನ ಬೀಳದೆ ನಿಲ್ಲುವುದನ್ನು ಮೇಲಿನವರಿಗೆ ತೋರಿಸಬೇಕು. ಇಲ್ಲವಾದರೆ ಅವಳು ಊರು ಬಿಟ್ಟು ಆಫೀಸಿಗೇ ಹೋಗಿ ಕೂರಬೇಕು. ಸೋಮವಾರ ಹನ್ನೊಂದಕ್ಕೆ ಬಿತ್ತು. ಮಂಗಳವಾರವೂ ಹನ್ನೊಂದಕ್ಕೇ. "ಪೆಟ್ಟಿಗೆ ಬಿಸಿಯಾಗಿ ನಿಲ್ತದೆ ಅಣ್ಣ. ನಾನೇ ಅದಕ್ಕೆ ಜಾಸ್ತಿ ಕೆಲ್ಸ ಕೊಟ್ಟೆ ಕಾಣ್ತದೆ" ಎಂದು ಜಗಲಿಯಲ್ಲಿ ತಲೆ ಹಿಡಿದು ಕೂತಳು. ಚಾ ಮಾಡಿ ಕೊಟ್ಟೆ. ದೇವರಿಗೆ ಒಂದು ಕಾಯಿಯನ್ನೂ ಹೇಳಿಕೊಂಡೆ.

ದೇವರು ನಕ್ಕಿರಬೇಕು. ಮಳೆಗಾಲದಲ್ಲಿ ನಮ್ಮ ಹಲಸಿನ ಹಪ್ಪಳ ಒದ್ದೆ ಚಪ್ಪಲಿಯಂತಾಗುತ್ತದೆ. ಬಿಸಿಲಿಲ್ಲ, ಸೌದೆಯೂ ಹಸಿ. ಮನೆಯಲ್ಲಿ ಬೆಚ್ಚಗಿದ್ದದ್ದು ಆ ದೊಡ್ಡ ಕೇಂದ್ರದ ಪೆಟ್ಟಿಗೆ ಒಂದೇ. ದಿನಾ ಹತ್ತಕ್ಕೆ ಅದರ ಮೇಲೆ ಹಪ್ಪಳ ಹರಡಿ, ಶೀತಗಾಳಿ ತಾಗದಂತೆ ಟವೆಲು ಹೊದಿಸುತ್ತಿದ್ದೆ. ಒಣಗಿದೊಡನೆ ಟವೆಲು ತೆಗೆದು ಡಬ್ಬಿಗೆ ತುಂಬುತ್ತಿದ್ದೆ. ಅವಳು ಓಡಿ ಬಂದು ನೋಡುವಾಗ ಪೆಟ್ಟಿಗೆ ಮಾತ್ರ, ಉಸಿರುಕಟ್ಟಿ ಮಲಗಿರುತ್ತಿತ್ತು.

ಮೊದಲ ಎರಡು ದಿನ ನನಗೆ ಗೊತ್ತಿರಲಿಲ್ಲ, ದೇವರಾಣೆ. ಅವಳ ಬಾಯಲ್ಲಿ ಬಿಸಿಯ ಮಾತು ಕೇಳಿದ ಮೇಲೆ, ಬುಧವಾರ ಗೊತ್ತಿತ್ತು. ಆದರೆ ಹನ್ನೆರಡೇ ಹಪ್ಪಳ ಬಾಕಿ ಇದ್ದವು.

ಗುರುವಾರದಿಂದ ಟನಲ್ಲು ಬಂಡೆಯಂತೆ ನಿಂತಿತು. ಶುಕ್ರವಾರ ಮೇಲಿನವರು ಮೆಚ್ಚಿದರು. ಮೂರು ದಿನದ ತೊಂದರೆ ತನ್ನದೇ ತಪ್ಪಿನಿಂದ ಆಗಿದ್ದೆಂದು ಬರೆದು ಕಳಿಸಿ, ತಂಗಿ ನಗುತ್ತ ಊಟಕ್ಕೆ ಬಂದು ಹಪ್ಪಳ ಮುರಿದಳು.

"ಈ ಮಳೆಲಿ ಇಷ್ಟು ಗರಿಗರಿ ಹೆಂಗೆ ಮಾಡ್ದ್ಯೋ ಅಣ್ಣ?"

ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಕೈ ಅದರೊಳಗೆ ಒಂದು ಹಪ್ಪಳ ಇಟ್ಟಿತು. ಅದರ ಸದ್ದಿನಲ್ಲಿ ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.